ಸಂಪಾದಕರ ಉತ್ತರ: ಊಟಕ್ಕೂ ಅಳತೆ ಉಂಟು

ನಿಮ್ಮ ನಾಲ್ಕು ಪುಟದ ಪತ್ರ ಸಿಕ್ಕಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಬೇರೆ ಓದುಗರಿಗೂ ವಿಷಯ ಗೊತ್ತಾಗಲಿ ಎಂದು ಅದರ ಸಾರವನ್ನಷ್ಟೇ ಇಲ್ಲಿ ಹೇಳುತ್ತೇನೆ.

ನಿಮ್ಮ ಯಜಮಾನರಿಗೆ ನಾಲ್ಕು ವರ್ಷದಿಂದ ಶುಗರ್, ಜೊತೆಗೆ ಬಿಪಿ. ಎರಡಕ್ಕೂ ಮಾತ್ರೆ ನಡೆಯುತ್ತಿದೆ. ಇನ್ಸುಲಿನ್ ಇಲ್ಲ. ತೂಕ ಜಾಸ್ತಿ. ನೆಂಟರೊಬ್ಬರು ಒಂದು ಪಟ್ಟಿ ಬರೆದುಕೊಟ್ಟಿದ್ದಾರೆ: ಬೆಳಿಗ್ಗೆ ಸೊಪ್ಪಿನ ಜ್ಯೂಸ್, ದಿನವಿಡೀ ಆಲ್ಕಲೈನ್ (ಕ್ಷಾರೀಯ) ನೀರು, ಮೂರು ಬಗೆಯ ವಿಟಮಿನ್, ಮಾಮೂಲಿ ಉಪ್ಪಿನ ಬದಲು ಸೋಡಿಯಂ ಕಡಿಮೆ ಇರುವ ಉಪ್ಪು. ತಿಂಗಳೊಳಗೆ ಡಾಕ್ಟರ ಮಾತ್ರೆಗಳೆಲ್ಲ ಬಂದ್. ಡಾಕ್ಟರನ್ನು ಕೇಳಿದರೆ, "ಊಟದಿಂದ ಏನೂ ಆಗಲ್ಲ, ಮಾತ್ರೆ ತಪ್ಪಿಸಬೇಡಿ" ಎಂದು ಚೀಟಿ ಕೊಟ್ಟು ಕಳಿಸಿದರು. ಊಟ ಬಲ್ಲವನಿಗೆ ರೋಗವಿಲ್ಲ ಅಂತಾರಲ್ಲ, ಇಬ್ಬರಲ್ಲಿ ಯಾರ ಮಾತು ಕೇಳಲಿ ಎಂದು ನಿಮ್ಮ ಪ್ರಶ್ನೆ. ಕೊನೆಯಲ್ಲಿ ನಿಮ್ಮ ಬಗ್ಗೆ ಒಂದೇ ಸಾಲು: ಕಿಡ್ನಿಯಲ್ಲಿ ಕಲ್ಲು ಆದಮೇಲೆ ಹಾಲು, ಮೊಸರು ಬಿಟ್ಟಿದ್ದೇನೆ, ಸರಿಯೇ?

ನನ್ನ ಅಭಿಪ್ರಾಯದಲ್ಲಿ ಇಬ್ಬರೂ ಮಾಡುತ್ತಿರುವುದು ಒಂದೇ ತಪ್ಪು. ಡಾಕ್ಟರು ಊಟಕ್ಕೆ ಶಕ್ತಿಯೇ ಇಲ್ಲ ಅಂದುಕೊಂಡಿದ್ದಾರೆ. ನೆಂಟರು "ಊಟ ತಾನೇ, ಏನು ತೊಂದರೆ ಆಗುತ್ತೆ" ಅಂದುಕೊಂಡಿದ್ದಾರೆ. ಊಟಕ್ಕೆ ಶಕ್ತಿ ಇದೆ, ಬೇಕಾದಷ್ಟಿದೆ. ಅದಕ್ಕೇ ಅದನ್ನು ಮಾತ್ರೆಯಷ್ಟೇ ಹುಷಾರಾಗಿ ಬಳಸಬೇಕು.

ಮೊದಲು ಬಿಪಿ. 1997ರಲ್ಲಿ ಅಮೆರಿಕದಲ್ಲಿ 'ಡ್ಯಾಶ್' ಎಂಬ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಅದನ್ನು ಮಾಡಿದ ರೀತಿ ನನಗೆ ತುಂಬ ಇಷ್ಟ. 459 ಜನರಿಗೆ ಇದನ್ನು ತಿನ್ನಿ, ಅದನ್ನು ಬಿಡಿ ಎಂದು ಬರೀ ಹೇಳಿ ಕಳಿಸಲಿಲ್ಲ. ಎಂಟು ವಾರ ಊಟವನ್ನೇ ತಯಾರಿಸಿ ಕೊಟ್ಟರು. ಎಲ್ಲರ ಊಟದಲ್ಲೂ ಉಪ್ಪು ಹೆಚ್ಚುಕಡಿಮೆ ಒಂದೇ. ತೂಕವೂ ಏರಿಳಿಯದಂತೆ ನೋಡಿಕೊಂಡರು. ಒಂದು ಗುಂಪಿನ ತಟ್ಟೆಯಲ್ಲಿ ಹಣ್ಣು, ತರಕಾರಿ, ಕೊಬ್ಬು ತೆಗೆದ ಹಾಲು ಮೊಸರು ಜಾಸ್ತಿ. ಕೊಬ್ಬು, ಸಿಹಿ ಕಡಿಮೆ. ಆ ಗುಂಪಿನಲ್ಲಿ ಬಿಪಿ ಇದ್ದವರಿಗೆ, ಮಾಮೂಲಿ ಊಟ ಮಾಡಿದವರಿಗಿಂತ ಮೇಲಿನ ಅಂಕಿ ಸರಾಸರಿ 11.4ರಷ್ಟು ಇಳಿಯಿತು, ಕೆಳಗಿನದು 5.5ರಷ್ಟು. ಎರಡೇ ವಾರದಲ್ಲಿ ಇಳಿಕೆ ಕಾಣಿಸಿತ್ತು. ಒಂದು ಬಿಪಿ ಮಾತ್ರೆ ಮಾಡುವ ಕೆಲಸವೂ ಸುಮಾರು ಇಷ್ಟೇ. ಮುಂದೆ ಇದೇ ಊಟದ ಜೊತೆ ಉಪ್ಪನ್ನೂ ಇಳಿಸಿ ನೋಡಿದಾಗ ಬಿಪಿ ಇನ್ನಷ್ಟು ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಅಡುಗೆಗೆ ಹಾಕಿದ್ದು, ಪ್ಯಾಕೆಟ್ ತಿಂಡಿಯಲ್ಲಿ ಅಡಗಿರುವುದು ಎಲ್ಲ ಸೇರಿ ಇಷ್ಟು.

ಶುಗರ್ ವಿಷಯ ಇನ್ನೂ ದೊಡ್ಡದು. ಬ್ರಿಟನ್ನಿನ 'ಡೈರೆಕ್ಟ್' ಅಧ್ಯಯನದ ಮೊದಲ ವರ್ಷದ ಫಲಿತಾಂಶ ಬಂದದ್ದು 2017ರಲ್ಲಿ. ಅದರಲ್ಲಿದ್ದವರು ಹೆಚ್ಚುಕಡಿಮೆ ನಿಮ್ಮ ಯಜಮಾನರ ಹಾಗೇ ಇದ್ದವರು. ಟೈಪ್ 2 ಶುಗರ್ ಬಂದು ಆರು ವರ್ಷ ದಾಟಿರಲಿಲ್ಲ, ತೂಕ ಜಾಸ್ತಿ, ಇನ್ಸುಲಿನ್ ಇಲ್ಲ. ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿ ಮಾತ್ರ ಕೊಟ್ಟು, ಆಮೇಲೆ ನಿಧಾನವಾಗಿ ಮಾಮೂಲಿ ಊಟಕ್ಕೆ ತಂದರು. ಒಂದು ವರ್ಷಕ್ಕೆ ಶೇ 46ರಷ್ಟು ಜನ ಶುಗರ್ ಮಾತ್ರೆಯಿಲ್ಲದೆ, ಶುಗರ್ ಕಾಯಿಲೆಯ ಮಟ್ಟಕ್ಕಿಂತ ಕೆಳಗೆ ಉಳಿದರು. 15 ಕೆ.ಜಿ. ಅಥವಾ ಹೆಚ್ಚು ಇಳಿಸಿದವರಲ್ಲಿ ಈ ಲೆಕ್ಕ ಶೇ 86. ಲಿವರ್ ಮತ್ತು ಮೇದೋಜೀರಕದಲ್ಲಿ ತುಂಬಿದ್ದ ಕೊಬ್ಬು ಕರಗಿದರೆ ಇನ್ಸುಲಿನ್ ಮತ್ತೆ ಕೆಲಸ ಮಾಡತೊಡಗುತ್ತದೆ ಎಂಬುದು ಇದರ ಹಿಂದಿನ ವಿವರಣೆ. ಎರಡು ವರ್ಷಕ್ಕೆ ಶೇ 46 ಇದ್ದದ್ದು ಶೇ 36ಕ್ಕೆ ಇಳಿಯಿತು. ತೂಕ ವಾಪಸ್ ಬಂದರೆ ಶುಗರ್ ಕೂಡ ವಾಪಸ್ ಬರುತ್ತದೆ.

ಹಾಗಾದರೆ ನೆಂಟರು ಹೇಳಿದ್ದು ಸರಿಯಾಯಿತಲ್ವಾ ಎಂದು ನೀವು ಕೇಳಬಹುದು. ಒಂದು ವ್ಯತ್ಯಾಸವಿದೆ. ಆ ಅಧ್ಯಯನದಲ್ಲಿ ಶುಗರ್, ಬಿಪಿ ಎರಡರ ಮಾತ್ರೆಯನ್ನೂ ಊಟ ಬದಲಾದ ದಿನವೇ ನಿಲ್ಲಿಸಿದರು. ಆದರೆ ನಿಲ್ಲಿಸಿದ್ದು ವೈದ್ಯರು. ಮತ್ತೆ ಮತ್ತೆ ಅಳೆದು ನೋಡುತ್ತಿದ್ದರು, ಏರಿದವರಿಗೆ ಮಾತ್ರೆ ಮತ್ತೆ ಶುರು ಮಾಡಿದರು. ಅವರು ಅಷ್ಟು ಎಚ್ಚರ ವಹಿಸಿದ್ದು ಊಟದ ಶಕ್ತಿ ಗೊತ್ತಿದ್ದರಿಂದಲೇ. ಊಟವನ್ನು ಒಮ್ಮೆಲೇ ಕಡಿಮೆ ಮಾಡಿ, ಶುಗರ್ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನು ಹಾಗೇ ನುಂಗುತ್ತಿದ್ದರೆ ಶುಗರ್ ಅಪಾಯದ ಮಟ್ಟಕ್ಕೆ ಬೀಳಬಹುದು. ಬೆವರು, ನಡುಕ, ತಲೆ ಮಂಕಾಗುವುದು, ಪ್ರಜ್ಞೆ ತಪ್ಪುವುದೂ ಉಂಟು. ಊಟ ಬದಲಾಗದೆ ಮಾತ್ರೆ ಮಾತ್ರ ನಿಂತರೆ ಶುಗರ್, ಬಿಪಿ ಎರಡೂ ಸದ್ದಿಲ್ಲದೆ ಏರುತ್ತವೆ. ಎರಡೂ ಕಡೆ ಅಪಾಯವಿದೆ.

ಈಗ ಆ ಉಪ್ಪಿನ ವಿಷಯ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ನನ್ನ ತಾಯಿಗೆ ಆಗ 70 ದಾಟಿತ್ತು. ಕಿಡ್ನಿ ಸ್ವಲ್ಪ ಸೊರಗಿತ್ತು. ಬಿಪಿಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆ ದೇಹದಲ್ಲಿ ಪೊಟ್ಯಾಸಿಯಂ ಉಳಿಸುವಂಥದ್ದು. ಅದೊಂದೂ ನನಗೆ ತಿಳಿದಿರಲಿಲ್ಲ. ಸೋಡಿಯಂ ಕಡಿಮೆ ಎಂದು ಓದಿ, ಆ ಉಪ್ಪನ್ನು ನಾನೇ ತಂದುಕೊಟ್ಟೆ. ಮೂರು ವಾರ ಕಳೆದ ಮೇಲೆ ಅಮ್ಮ ಕಾಲಲ್ಲಿ ಶಕ್ತಿಯೇ ಇಲ್ಲ ಎಂದರು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 6 ದಾಟಿತ್ತು. ಸಾಮಾನ್ಯವಾಗಿ ಅದು 3.5ರಿಂದ 5ರ ಒಳಗಿರಬೇಕು. ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಎರಡು ರಾತ್ರಿ ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತಿದ್ದೆ. ಆ ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಹಾಕಿರುತ್ತಾರೆ ಎಂದು ಅಲ್ಲಿಯೇ ತಿಳಿದದ್ದು.

ಆ ಉಪ್ಪು ಕೆಟ್ಟದ್ದು ಎಂದು ಹೇಳುತ್ತಿಲ್ಲ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಐದು ವರ್ಷ ಪರೀಕ್ಷೆ ನಡೆಯಿತು, 2021ರಲ್ಲಿ ಫಲಿತಾಂಶ ಬಂತು. ಮುಕ್ಕಾಲು ಪಾಲು ಮಾಮೂಲಿ ಉಪ್ಪು, ಕಾಲು ಪಾಲು ಪೊಟ್ಯಾಸಿಯಂ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಯಿತು. ಆದರೆ ಗಂಭೀರ ಕಿಡ್ನಿ ಕಾಯಿಲೆ ಇದ್ದವರನ್ನು ಆ ಪರೀಕ್ಷೆಗೆ ಸೇರಿಸಿಕೊಂಡಿರಲೇ ಇಲ್ಲ. ಶುಗರ್ ಇರುವವರಲ್ಲಿ ಕಿಡ್ನಿ ತೊಂದರೆ ಸಾಮಾನ್ಯ. ಹಾಗಾಗಿ ನಿಮ್ಮ ಯಜಮಾನರ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತ ಪರೀಕ್ಷೆ), ಪೊಟ್ಯಾಸಿಯಂ ಪರೀಕ್ಷೆ ಆಗುವ ತನಕ, ಮಾತ್ರೆ ಯಾವ ಬಗೆಯದು ಎಂದು ತಿಳಿಯುವ ತನಕ ಆ ಪ್ಯಾಕೆಟ್ ಒಡೆಯಬೇಡಿ.

ಆಲ್ಕಲೈನ್ ನೀರಿಗೆ ದುಡ್ಡು ಹಾಕಬೇಡಿ. ರಕ್ತದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 7.35ರಿಂದ 7.45ರ ನಡುವೆ ಇರುವಂತೆ ಶ್ವಾಸಕೋಶ ಮತ್ತು ಕಿಡ್ನಿ ಸದಾ ನೋಡಿಕೊಳ್ಳುತ್ತವೆ. ಕುಡಿದ ನೀರು ಮೊದಲು ಬೀಳುವುದೇ ಹೊಟ್ಟೆಯ ಆಮ್ಲದೊಳಗೆ.

ವಿಟಮಿನ್ ವಿಷಯದಲ್ಲಿ ಜನರಿಗೆ ನಂಬಿಕೆ ಹುಟ್ಟಿದ್ದಕ್ಕೆ ಒಳ್ಳೆಯ ಕಾರಣವೇ ಇದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ಕಾಯಿಲೆಯಿಂದ ನರಳುತ್ತಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದೊಂದು ಜೋಡಿಗೆ ಒಂದೊಂದು ಪದಾರ್ಥ. ಕಿತ್ತಳೆ, ನಿಂಬೆ ತಿಂದ ಇಬ್ಬರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು. ಕೊರತೆ ಇದ್ದಾಗ ಅದನ್ನು ತುಂಬಿದರೆ ಪವಾಡದಂತೆ ಕಾಣುತ್ತದೆ. ಕೊರತೆ ಇಲ್ಲದಾಗ ಜಾಸ್ತಿ ಸುರಿದರೆ ಹಾಗಾಗುವುದಿಲ್ಲ. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಬಂತು. ಶ್ವಾಸಕೋಶದ ಕ್ಯಾನ್ಸರ್ ತಡೆಯಬಹುದೆಂದು ಬೀಟಾ ಕ್ಯಾರೊಟಿನ್ (ದೇಹದಲ್ಲಿ ವಿಟಮಿನ್ ಎ ಆಗುವ ಪದಾರ್ಥ) ಮಾತ್ರೆ ಕೊಟ್ಟಿದ್ದರು. ಮಾತ್ರೆ ತೆಗೆದುಕೊಂಡವರಲ್ಲೇ ಆ ಕ್ಯಾನ್ಸರ್ ಶೇ 18ರಷ್ಟು ಜಾಸ್ತಿಯಾಯಿತು. ಹಾಗಾಗಿ ವಿಟಮಿನ್ ತರುವ ಮೊದಲು ಕೊರತೆ ಇದೆಯೇ ಎಂದು ನೋಡಿಸಿ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯನ್ನು ಬಹಳ ಕಾಲ ತೆಗೆದುಕೊಳ್ಳುವವರಲ್ಲಿ ವಿಟಮಿನ್ ಬಿ12 ಇಳಿಯುವುದುಂಟು. ಅವರಿಗೆ ಬಿ12 ಮಾತ್ರೆ ಬೇಕೇ ಎಂಬುದನ್ನು ಪರೀಕ್ಷೆಯೇ ಹೇಳುತ್ತದೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ "ಮಾತ್ರೆ ಬಿಡಲಾ?" ಎಂದು ಕೇಳಬೇಡಿ. ಮನೆಯಲ್ಲಿ ಎರಡು ವಾರ, ದಿನವೂ ಅದೇ ಹೊತ್ತಿಗೆ ಬಿಪಿ ನೋಡಿ ಬರೆದಿಟ್ಟ ಹಾಳೆ ತೆಗೆದುಕೊಂಡು ಹೋಗಿ. "ಇಂಥ ದಿನದಿಂದ ಊಟ ಹೀಗೆ ಬದಲಿಸುತ್ತೇವೆ, ಅಂಕಿ ಎಷ್ಟಕ್ಕೆ ಇಳಿದರೆ ಯಾವ ಮಾತ್ರೆ ಕಡಿಮೆ ಮಾಡುತ್ತೀರಿ?" ಎಂದು ಕೇಳಿ. ಶುಗರ್‌ನ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಈಗೊಮ್ಮೆ, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಿ. ಆಗಲೂ ಅವರು ತಲೆಯೆತ್ತಿ ನೋಡದಿದ್ದರೆ ಬೇರೆ ಡಾಕ್ಟರನ್ನು ಹುಡುಕಿಕೊಳ್ಳಿ. ಅದರಲ್ಲಿ ಸಂಕೋಚ ಬೇಡ.

ಇನ್ನು ನಿಮ್ಮ ಕಲ್ಲು. ನಾಲ್ಕು ಪುಟ ಯಜಮಾನರ ಬಗ್ಗೆ ಬರೆದು, ನಿಮಗೆ ಒಂದೇ ಸಾಲು ಇಟ್ಟುಕೊಂಡಿದ್ದೀರಿ. ಓದಿ ಮನಸ್ಸಿಗೆ ಬೇಜಾರಾಯಿತು. ಹಾಲು, ಮೊಸರು ಬಿಟ್ಟದ್ದು ಬಹುಶಃ ಉಲ್ಟಾ ಕೆಲಸ ಮಾಡುತ್ತಿದೆ. ಬಹಳಷ್ಟು ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್‌ನವು. ಆಕ್ಸಲೇಟ್ ಅಂದರೆ ಕೆಲವು ಸೊಪ್ಪುಗಳಂಥ ಆಹಾರದಲ್ಲಿರುವ ಒಂದು ಪದಾರ್ಥ. ಊಟದ ಜೊತೆ ಕ್ಯಾಲ್ಸಿಯಂ ಹೋದರೆ ಅದು ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಹೊರಗೆ ಸಾಗಿಸುತ್ತದೆ. ಇಲ್ಲದಿದ್ದರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಗೆ ಹೋಗುತ್ತದೆ. ಇಟಲಿಯಲ್ಲಿ ಪದೇ ಪದೇ ಕಲ್ಲು ಆಗುತ್ತಿದ್ದ 120 ಗಂಡಸರನ್ನು ಐದು ವರ್ಷ ಗಮನಿಸಿದರು, 2002ರಲ್ಲಿ ಪ್ರಕಟಿಸಿದರು. ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಜನರಲ್ಲಿ 23 ಮಂದಿಗೆ ಮತ್ತೆ ಕಲ್ಲಾಯಿತು. ಕ್ಯಾಲ್ಸಿಯಂ ಮಾಮೂಲಾಗಿಟ್ಟು, ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದ 60 ಜನರಲ್ಲಿ 12 ಮಂದಿಗೆ.

ಆ ಸೊಪ್ಪಿನ ಜ್ಯೂಸನ್ನು ಯಜಮಾನರ ಜೊತೆ ನೀವೂ ಕುಡಿಯುತ್ತಿದ್ದರೆ ಇವತ್ತೇ ನಿಲ್ಲಿಸಿ. ಪಾಲಕ್‌ನಂಥ ಸೊಪ್ಪಿನಲ್ಲಿ ಆಕ್ಸಲೇಟ್ ತುಂಬಾ ಇದೆ. ಪಲ್ಯದಲ್ಲಿ ತಿನ್ನುವುದಕ್ಕಿಂತ ಎಷ್ಟೋ ಪಾಲು ಸೊಪ್ಪು ಒಂದು ಲೋಟದಲ್ಲಿ ಇಳಿದುಹೋಗುತ್ತದೆ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ, ಸಾದಾ ನೀರೇ ಸಾಕು. ಕಲ್ಲು ಹೊರಬಂದಾಗ ಅದನ್ನು ಪರೀಕ್ಷೆಗೆ ಕಳಿಸಿದ್ದರೆ ಆ ರಿಪೋರ್ಟ್ ಹುಡುಕಿ ತೆಗೆದಿಡಿ. ಯಜಮಾನರ ಜೊತೆ ಡಾಕ್ಟರ ಹತ್ತಿರ ಹೋದಾಗ ಅದನ್ನೂ ಮುಂದಿಡಿ, ನಿಮ್ಮ ಹೆಸರಲ್ಲೇ ಬೇರೆ ಚೀಟಿ ಮಾಡಿಸಿ.