ಕೆಲವೇ ತಿಂಗಳು ಬದುಕುವ ನಾಯಿಯನ್ನು ಮನೆಗೆ ತರಬಹುದಾ?

ಶೆಲ್ಟರ್‌ನಲ್ಲಿರುವ ವಯಸ್ಸಾದ ಹೆಣ್ಣುನಾಯಿಗೆ ಹೃದಯದ ಕವಾಟ ಕೆಟ್ಟಿದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ, ಇನ್ನು ಕೆಲವು ತಿಂಗಳು ಅಂದಿದ್ದಾರೆ, ಅದನ್ನು ಕಾಯಂ ಆಗಿ ಮನೆಗೆ ತರುವುದು ಹುಚ್ಚುತನವಾ, ಆಮೇಲೆ ದುಃಖ ತಡೆಯೋಕೆ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ತನ್ನಿ. ಇದೇ ಕಾಯಿಲೆಯ ನಾಯಿಯನ್ನು ನಾನೂ ಸಾಕಿದ್ದೇನೆ. ನಮ್ಮ ಮನೆಯಲ್ಲಿ ಅದಕ್ಕೆ ಅಜ್ಜಿ ಅಂತಲೇ ಹೆಸರು.

ದುಃಖದ ವಿಷಯ ಸದ್ಯಕ್ಕೆ ಬಿಡಿ. ಅದು ಆಗೇ ಆಗುತ್ತೆ, ಹೇಗೋ ದಾಟುತ್ತೀರಿ. ಬೆಳಿಗ್ಗೆ ಸಂಜೆ ಸರಿಯಾದ ಹೊತ್ತಿಗೆ ಮಾತ್ರೆ ಕೊಡೋಕೆ ಮನೆಯಲ್ಲಿ ಒಬ್ಬರಾದರೂ ಇರುತ್ತೀರಾ? ನಡುರಾತ್ರಿ ಅದು ಮೂತ್ರಕ್ಕೆ ಎಬ್ಬಿಸಿದರೆ ಗೊಣಗದೆ ಏಳುವವರು ಯಾರು? ಕೊನೆಗೊಂದು ದಿನ ‘ಇನ್ನು ಸಾಕು’ ಅನ್ನೋಕೆ ನಿಮ್ಮಿಂದ ಆಗುತ್ತಾ? ಇವಕ್ಕೆ ಉತ್ತರ ಇದ್ದರೆ ಉಳಿದದ್ದು ಕಲಿಯಬಹುದು.

ಔಷಧಿ ಕಷ್ಟದ್ದೇನಲ್ಲ. ಈ ಹಂತದಲ್ಲಿ ಸಾಮಾನ್ಯವಾಗಿ ಪಿಮೋಬೆಂಡಾನ್, ಫ್ಯೂರೋಸೆಮೈಡ್ ಎರಡೂ ಇರುತ್ತವೆ. ಮೊದಲನೆಯದು ಹೃದಯಕ್ಕೆ ಬಲ ಕೊಡುತ್ತದೆ. ಊಟಕ್ಕೆ ಸುಮಾರು ಒಂದು ಗಂಟೆ ಮುಂಚೆ ಕೊಟ್ಟರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಎರಡನೆಯದು ನೀರನ್ನು ಮೂತ್ರವಾಗಿ ಹೊರಗೆ ಹಾಕುತ್ತದೆ. ಹಾಗಾಗಿ ಬಾಯಾರಿಕೆಯೂ ಜಾಸ್ತಿ, ಮೂತ್ರವೂ ಜಾಸ್ತಿ. ನೆಲ ಒದ್ದೆ ಆಗುತ್ತೆ ಅಂತ ನೀರಿನ ಬಟ್ಟಲು ಮಾತ್ರ ಎತ್ತಿಡಬೇಡಿ. ಮೈಯಲ್ಲಿ ನೀರು ಕಡಿಮೆಯಾದರೆ ಪೆಟ್ಟು ಬೀಳೋದು ಕಿಡ್ನಿಗೆ.

ನಿಜವಾಗಿ ಕಲಿಯಬೇಕಾದ್ದು ಉಸಿರು ಎಣಿಸೋದು. ನಾಯಿ ಗಾಢ ನಿದ್ದೆಯಲ್ಲಿದ್ದಾಗ ಪಕ್ಕದಲ್ಲಿ ಕೂತು ಪಕ್ಕೆ ನೋಡಿ. ಏರಿ ಇಳಿದರೆ ಒಂದು. ಅರ್ಧ ನಿಮಿಷ ಎಣಿಸಿ, ದುಪ್ಪಟ್ಟು ಮಾಡಿ. ನಿಮಿಷಕ್ಕೆ 30ರ ಒಳಗಿದ್ದರೆ ಸಮಾಧಾನ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿದರೂ 30 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ. ನಾನು ಫ್ರಿಜ್ ಮೇಲಿನ ಕ್ಯಾಲೆಂಡರ್‌ನಲ್ಲಿ ದಿನಾ ಬರೆದಿಡುತ್ತಿದ್ದೆ. 18, 20, 19 ಅಂತ ಸಾಲಾಗಿ ಬರುತ್ತಿದ್ದದ್ದು 26, 28 ಆದಾಗ ನಾಯಿ ನೋಡೋಕೆ ಆರಾಮಾಗೇ ಇತ್ತು, ಬಾಲ ಅಲ್ಲಾಡಿಸುತ್ತಿತ್ತು. ಡಾಕ್ಟರು ಆ ಸಾಲು ನೋಡಿಯೇ ಔಷಧಿಯ ಪ್ರಮಾಣ ಬದಲಿಸಿದರು. ಕತ್ತು ಮುಂದಕ್ಕೆ ಚಾಚಿ, ಮೊಣಕೈ ಅಗಲಿಸಿ ನಿಂತು, ಮಲಗೋಕೆ ಒಪ್ಪದಿದ್ದರೆ ಅಥವಾ ವಸಡು ಬೂದಿ ಬಣ್ಣಕ್ಕೆ ತಿರುಗಿದರೆ ಎಣಿಸುತ್ತಾ ಕೂರಬೇಡಿ, ತಕ್ಷಣ ಹೊರಡಿ.

ಜನ ಸಾಯುವ ನಾಯಿ ಅಂದ ಕೂಡಲೇ ಕೇಕ್ ಕತ್ತರಿಸೋಣ, ಸಮುದ್ರ ತೋರಿಸೋಣ, ಫೋಟೋ ತೆಗೆಸೋಣ ಅಂತ ಶುರು ಮಾಡುತ್ತಾರೆ. ನನಗೆ ಇದು ಹಿಡಿಸೋದಿಲ್ಲ. ಅದೆಲ್ಲ ನಮ್ಮ ಸಮಾಧಾನಕ್ಕೆ, ಅಲ್ವಾ? ಉಪ್ಪಿನ ತಿಂಡಿಯಂತೂ ಹೃದಯ ಸೋತ ನಾಯಿಗೆ ಮತ್ತೆ ನೀರು ತುಂಬಿಸಬಹುದು. ಅಜ್ಜಿ ಬಂದ ಹೊಸದರಲ್ಲಿ ಗೋಡೆಗೆ ಮುಖ ಮಾಡಿ ಮುದುರಿ ಮಲಗುತ್ತಿತ್ತು. ಯಾರೂ ಹತ್ತಿರ ಹೋಗಲಿಲ್ಲ. ಅದೇ ಜಾಗ, ಅದೇ ಹೊತ್ತಿಗೆ ಊಟ, ಅಷ್ಟೇ. ಒಂದು ಮಧ್ಯಾಹ್ನ ನೋಡಿದರೆ ಬಾಗಿಲ ಹತ್ತಿರ ಚಪ್ಪಲಿಗಳ ಮೇಲೆ ತಲೆಯಿಟ್ಟು, ನಾಲ್ಕೂ ಕಾಲು ಚಾಚಿ ಗೊರಕೆ ಹೊಡೆಯುತ್ತಿತ್ತು. ಅಲ್ಲಿಂದಾಚೆ ಅದೇ ಅದರ ಹಾಸಿಗೆ. ನಾವು ಚಪ್ಪಲಿ ಬೇರೆ ಕಡೆ ಬಿಡಲು ಕಲಿತೆವು, ಹಳೆಯ ಒಂದು ಜೋಡಿ ಅದಕ್ಕೇ ಬಿಟ್ಟೆವು.

‘ಕೆಲವು ತಿಂಗಳು’ ಅನ್ನೋದನ್ನೂ ಪೂರ್ತಿ ನಂಬಬೇಡಿ. 2008ರಲ್ಲಿ ಪ್ರಕಟವಾದ ಕ್ವೆಸ್ಟ್ ಅಧ್ಯಯನದಲ್ಲಿ ಇಂಥದ್ದೇ ಹೃದಯದ ತೊಂದರೆಯ ನಾಯಿಗಳು ಪಿಮೋಬೆಂಡಾನ್ ಮೇಲೆ ನಿಭಾಯಿಸಿದ ಮಧ್ಯಮ ಅವಧಿ 267 ದಿನ, ಬೆನಜೆಪ್ರಿಲ್ ಎಂಬ ಇನ್ನೊಂದು ಹೃದಯದ ಔಷಧಿಯ ಮೇಲೆ 140. ಅಂದರೆ ಅರ್ಧದಷ್ಟು ಅದಕ್ಕಿಂತ ಮುಂಚೆ ಸೋತವು, ಅರ್ಧ ಇನ್ನೂ ಮುಂದೆ ಹೋದವು. ಬೇಗ ಹೋಗಬಹುದು ಅನ್ನೋದಕ್ಕೆ ಹೇಗೋ ಹಾಗೆ, ವರ್ಷ ದಾಟಬಹುದು ಅನ್ನೋದಕ್ಕೂ ತಯಾರಾಗಿರಿ. ಎರಡನೆಯದಕ್ಕೆ ತಯಾರಿಲ್ಲದೆ ಸುಸ್ತಾದವರನ್ನು ನೋಡಿದ್ದೇನೆ.

ಯಾವಾಗ ಸಾಕು ಅನ್ನೋದು? ಆಲಿಸ್ ವಿಲಲೋಬೋಸ್ ಎಂಬ ಪಶುವೈದ್ಯೆ ಮಾಡಿದ ಒಂದು ಅಳತೆ ಇದೆ. ನೋವು, ಹಸಿವು, ಮೈಯ ನೀರಿನಂಶ, ಸ್ವಚ್ಛತೆ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಜಾಸ್ತಿಯಾ ಎಂಬ ಏಳಕ್ಕೂ ಸೊನ್ನೆಯಿಂದ 10ರ ತನಕ ಅಂಕ, ಸ್ಥಿತಿ ಚೆನ್ನಾಗಿದ್ದಷ್ಟೂ ಅಂಕ ಜಾಸ್ತಿ. ಮೊತ್ತ 35 ದಾಟಿದರೆ ಮುಂದುವರಿಸಬಹುದು. ಮನೆಮಂದಿ ಬೇರೆ ಬೇರೆಯಾಗಿ ಅಂಕ ಹಾಕಿ, ಯಾರು ಎಷ್ಟು ಮುಚ್ಚಿಡುತ್ತಿದ್ದಾರೆ ಅಂತ ಗೊತ್ತಾಗುತ್ತೆ. ಹೃದಯದ ಕಾಯಿಲೆಯಲ್ಲಿ ನಾಯಿ ಉಸಿರಿಗೆ ಒದ್ದಾಡುವ ರಾತ್ರಿಯ ತನಕ ಕಾಯೋದು ಕ್ರೂರ. ದಯಾಮರಣದಲ್ಲಿ ಸಾಮಾನ್ಯವಾಗಿ ಮೊದಲು ಮಂಪರಿನ ಇಂಜೆಕ್ಷನ್, ಆಮೇಲೆ ಅರಿವಳಿಕೆಯ ದೊಡ್ಡ ಡೋಸ್. ಕಣ್ಣು ತೆರೆದೇ ಇರುತ್ತದೆ, ಪ್ರಾಣ ಹೋದ ಮೇಲೂ ಒಂದೆರಡು ದೀರ್ಘ ಉಸಿರು ಬರಬಹುದು. ಇದು ಮೊದಲೇ ಗೊತ್ತಿದ್ದರೆ ಗಾಬರಿಯಾಗೋದಿಲ್ಲ. ಮಕ್ಕಳಿದ್ದರೆ ಅವರಿಗೂ ಹೇಳಿ, ಸುಮ್ನೆ ಊರಿಗೆ ಹೋಗಿದೆ ಅನ್ನಬೇಡಿ.

ಸಹಿ ಹಾಕುವ ಮುಂಚೆ ಶೆಲ್ಟರ್‌ನವರ ಹತ್ತಿರ ಹಳೆಯ ಎಕ್ಸ್‌ರೇ, ರಕ್ತಪರೀಕ್ಷೆ, ಔಷಧಿ ಚೀಟಿ ಎಲ್ಲ ಕೇಳಿ ತೆಗೆದುಕೊಳ್ಳಿ. ಔಷಧಿ ಖರ್ಚು ಯಾರದು ಅಂತ ಬಾಯಿಬಿಟ್ಟು ಕೇಳಿ. ಇಂಥ ನಾಯಿಗಳನ್ನು ತಮ್ಮ ಹೆಸರಿನಲ್ಲೇ ಉಳಿಸಿಕೊಂಡು ಖರ್ಚು ತಾವೇ ನೋಡಿಕೊಳ್ಳುವ ಸಂಸ್ಥೆಗಳೂ ಇವೆ, ಸಂಕೋಚ ಬೇಡ. ರಾತ್ರಿ ಹೊತ್ತು ನೋಡುವ ಡಾಕ್ಟರ ನಂಬರ್ ಫೋನಿನಲ್ಲಿ ಹಾಕಿಕೊಂಡ ಮೇಲೆಯೇ ನಾಯಿಯನ್ನು ಕರೆದುಕೊಂಡು ಬನ್ನಿ.