ಮಾನಿಟರ್ ಇಲ್ಲದ ಲ್ಯಾಬ್ ಸರ್ವರ್‌ಗೆ ವೆಬ್‌ಮಿನ್ನೋ ಕಾಕ್‌ಪಿಟ್ಟೋ?

ಯಾದಗಿರಿಯ ಕಾಲೇಜು ಲ್ಯಾಬಿನ ಹಳೆ ಪಿಸಿಗೆ ಉಬುಂಟು ಸರ್ವರ್ 24.04 ಹಾಕಿದ್ದೀರಿ, ಬ್ರೌಸರಿನಿಂದಲೇ ನೋಡಿಕೊಳ್ಳಬೇಕು, ರಜೆಯಲ್ಲಿ ಕಲಬುರಗಿಯ ಮನೆಯಿಂದಲೂ ಸಿಗಬೇಕು ಅಂದಿದ್ದೀರಿ. ವೆಬ್‌ಮಿನ್, ಕಾಕ್‌ಪಿಟ್ ಎರಡೂ ಬ್ರೌಸರಿನಿಂದ ಸರ್ವರ್ ನೋಡಿಕೊಳ್ಳುವ ಸಾಫ್ಟ್‌ವೇರ್‌ಗಳು. ಒಂದೇ ಮಷೀನ್ ಅಂದಮೇಲೆ ಕಾಕ್‌ಪಿಟ್ ಸಾಕು. ಅದು ಉಬುಂಟು ರೆಪೊದಲ್ಲೇ (ಸಾಫ್ಟ್‌ವೇರ್ ಭಂಡಾರದಲ್ಲೇ) ಇದೆ. ವೆಬ್‌ಮಿನ್‌ಗೆ ಹೊರಗಿನ ರೆಪೊ ಸೇರಿಸಬೇಕು. ಅಪಾಚೆ (ವೆಬ್), ಬೈಂಡ್ (ಡಿಎನ್‌ಎಸ್), ಪೋಸ್ಟ್‌ಫಿಕ್ಸ್ (ಮೇಲ್) ಸರ್ವರ್‌ಗಳ ಸೆಟ್ಟಿಂಗೂ ಮೌಸಿನಲ್ಲೇ ಆಗಬೇಕು ಅನ್ನುವವರು ಮಾತ್ರ ವೆಬ್‌ಮಿನ್ ನೋಡಲಿ.

ಕಮಾಂಡ್‌ಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ. ಮೊದಲು ‘ಸುಡೋ ಆಪ್ಟ್ ಅಪ್‌ಡೇಟ್’, ಆಮೇಲೆ ‘ಸುಡೋ ಆಪ್ಟ್ ಇನ್‌ಸ್ಟಾಲ್ ಕಾಕ್‌ಪಿಟ್’. ಫೈರ್‌ವಾಲ್ ಆನ್ ಇದ್ದರೆ ‘ಸುಡೋ ಯುಎಫ್‌ಡಬ್ಲ್ಯೂ ಅಲೌ 9090/ಟಿಸಿಪಿ’. ಬ್ರೌಸರಿನಲ್ಲಿ ಎಚ್‌ಟಿಟಿಪಿಎಸ್ ಹಾಕಿ, ಸರ್ವರ್ ಐಪಿ, ಕೋಲನ್, 9090. ಸರ್ಟಿಫಿಕೇಟ್ ಎಚ್ಚರಿಕೆ ಬಂದೇ ಬರುತ್ತದೆ, ಅದು ಸರ್ವರ್ ತಾನೇ ಸಹಿ ಹಾಕಿಕೊಂಡದ್ದು, ಲ್ಯಾಬಿನೊಳಗೆ ಮುಂದುವರಿಯಬಹುದು. ಲಾಗಿನ್‌ಗೆ ಸುಡೋ ಹಕ್ಕಿರುವ ನಿಮ್ಮ ಮಾಮೂಲಿ ಯೂಸರ್ ಸಾಕು. ಅದೇ ಸರ್ವರ್‌ನಲ್ಲಿ ಪ್ರೊಮಿಥಿಯಸ್ (ಸರ್ವರ್‌ಗಳ ಮೇಲೆ ನಿಗಾ ಇಡುವ ಸಾಫ್ಟ್‌ವೇರ್) ಇದ್ದರೆ ಅದೂ 9090 ಪೋರ್ಟನ್ನೇ ಹಿಡಿಯುತ್ತದೆ, ಒಂದನ್ನು ಬದಲಿಸಬೇಕು.

‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕಾಕ್‌ಪಿಟ್’ ಕೊಟ್ಟರೆ ‘ಇನ್‌ಆಕ್ಟಿವ್’ ಅಂತ ತೋರಿಸುತ್ತದೆ. ಇದನ್ನು ನೋಡಿ ಗಾಬರಿಯಾಗಿ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವವರಿದ್ದಾರೆ. ಕಾದು ಕೂತಿರುವುದು ‘ಕಾಕ್‌ಪಿಟ್ ಡಾಟ್ ಸಾಕೆಟ್’. ಯಾರಾದರೂ ಪುಟ ತೆರೆದಾಗ ಮಾತ್ರ ಸರ್ವೀಸ್ ಏಳುತ್ತದೆ. ಕಡಿಮೆ ರ‍್ಯಾಮ್‌ನ ಪಿಸಿಗೆ ಇದು ಒಳ್ಳೆಯದೇ. ನೋಡಬೇಕಾದದ್ದು ಸಾಕೆಟ್‌ನ ಸ್ಟೇಟಸ್.

ನಿಜವಾದ ತಲೆನೋವು ಅಪ್‌ಡೇಟ್ ಪುಟದ್ದು. ಇಂಟರ್ನೆಟ್ ಚೆನ್ನಾಗಿದ್ದರೂ ‘ಆಫ್‌ಲೈನ್’ ಅಂದು ಹಟ ಹಿಡಿಯುತ್ತದೆ. ಉಬುಂಟು ಸರ್ವರ್‌ನಲ್ಲಿ ನೆಟ್‌ವರ್ಕ್ ನಡೆಸುವುದು ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ. ಕಾಕ್‌ಪಿಟ್ ಜೊತೆ ಬರುವ, ಅಪ್‌ಡೇಟ್ ನೋಡಿಕೊಳ್ಳುವ ಪ್ಯಾಕೇಜ್‌ಕಿಟ್ ಮಾತ್ರ, ನೆಟ್ ಇದೆಯೇ ಅಂತ ಇನ್ನೊಂದು ನೆಟ್‌ವರ್ಕ್ ಸಾಫ್ಟ್‌ವೇರ್ ಆದ ನೆಟ್‌ವರ್ಕ್‌ಮ್ಯಾನೇಜರನ್ನು ಕೇಳುತ್ತದೆ. ಅದರ ಕೈಯಲ್ಲಿ ಯಾವ ನೆಟ್‌ವರ್ಕ್ ಕಾರ್ಡೂ ಇಲ್ಲ, ಹಾಗಾಗಿ ‘ನೆಟ್ ಇಲ್ಲ’ ಅನ್ನುತ್ತದೆ. ಪರಿಹಾರ: ‘ಇಟಿಸಿ’ಯ ‘ನೆಟ್‌ಪ್ಲ್ಯಾನ್’ ಫೋಲ್ಡರಿನ ಯಾಮಲ್ ಫೈಲ್ ತೆರೆದು, ‘ನೆಟ್‌ವರ್ಕ್’ ಸಾಲಿನ ಕೆಳಗೆ ‘ರೆಂಡರರ್: ನೆಟ್‌ವರ್ಕ್‌ಮ್ಯಾನೇಜರ್’ ಸೇರಿಸಿ. ಇಲ್ಲಿ ಎನ್ ಮತ್ತು ಎಂ ದೊಡ್ಡಕ್ಷರ. ಸಾಲಿನ ಶುರುವಿನಲ್ಲಿ ಟ್ಯಾಬ್ ಬೇಡ, ಸ್ಪೇಸ್ ಮಾತ್ರ. ಒಂದು ಟ್ಯಾಬ್ ಬಿದ್ದರೂ ಫೈಲ್ ಓದುವುದಿಲ್ಲ. ನೇರ ‘ಅಪ್ಲೈ’ ಬದಲು ‘ಸುಡೋ ನೆಟ್‌ಪ್ಲ್ಯಾನ್ ಟ್ರೈ’ ಕೊಡಿ. 120 ಸೆಕೆಂಡಿನೊಳಗೆ ಎಂಟರ್ ಒತ್ತದಿದ್ದರೆ ಹಳೆಯದಕ್ಕೇ ಮರಳುತ್ತದೆ. ಡಿಎಚ್‌ಸಿಪಿ (ರೂಟರ್ ತಾನೇ ಐಪಿ ಹಂಚುವ ವ್ಯವಸ್ಥೆ) ಇದ್ದರೆ ಈ ಬದಲಾವಣೆಯಲ್ಲಿ ಐಪಿಯೇ ಬೇರೆಯಾಗಬಹುದು, ಆದ್ದರಿಂದ ಮೊದಲೇ ಸ್ಥಿರ ಐಪಿ ಕೊಟ್ಟುಬಿಡಿ. ಈ ಕೆಲಸವೊಂದನ್ನು ಮಾತ್ರ ಕಲಬುರಗಿಯಲ್ಲಿ ಕೂತು ಮಾಡಬೇಡಿ, ಲ್ಯಾಬಿನಲ್ಲಿ ಮಾನಿಟರ್, ಕೀಬೋರ್ಡ್ ಸಿಕ್ಕಿಸಿಕೊಂಡೇ ಮಾಡಿ.

ಅಲ್ಲಿರುವಾಗಲೇ ಬಯಾಸ್‌ಗೂ ಹೋಗಿ, ಕರೆಂಟ್ ಬಂದಾಗ ತಾನಾಗೇ ಆನ್ ಆಗುವ ಆಯ್ಕೆ ಹಾಕಿ. ಇಲ್ಲವಾದರೆ ನಮ್ಮ ಕಡೆಯ ಬೇಸಿಗೆಯಲ್ಲಿ ಒಮ್ಮೆ ಕರೆಂಟ್ ಹೋದರೆ, ಬಟನ್ ಒತ್ತಲಿಕ್ಕೆ ಪ್ಯೂನ್‌ಗೆ ಫೋನ್ ಮಾಡಬೇಕಾಗುತ್ತದೆ.

ಮನೆಯಿಂದ ತೆರೆಯಲು ರೂಟರಿನಲ್ಲಿ 9090 ಫಾರ್ವರ್ಡ್ ಮಾಡುವುದು ಬೇಡವೇ ಬೇಡ. ಪಾಸ್‌ವರ್ಡ್ ಒಂದು ಸೋರಿದರೆ ಇಡೀ ಸರ್ವರ್ ಕೊಟ್ಟಂತೆ. ಕಾಲೇಜಿನ ಲೈನಿಗೆ ಸ್ವಂತ ಪಬ್ಲಿಕ್ ಐಪಿ ಇದ್ದರೆ ವೈರ್‌ಗಾರ್ಡ್ ವಿಪಿಎನ್ ಹಾಕಿಕೊಳ್ಳಿ, ಅಥವಾ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಒಂದನ್ನೇ ಹೊರಗೆ ಬಿಟ್ಟು, ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ, ಕೀ ಬಳಸಿ. ಮನೆಯ ಲ್ಯಾಪ್‌ಟಾಪಿನಲ್ಲಿ ‘ಎಸ್‌ಎಸ್‌ಎಚ್ -ಎಲ್ 9090:ಲೋಕಲ್‌ಹೋಸ್ಟ್:9090’ (ಎಲ್ ದೊಡ್ಡಕ್ಷರ), ಮುಂದೆ ಯೂಸರ್ ಮತ್ತು ಐಪಿ ಕೊಟ್ಟರೆ, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 9090 ತೆರೆದಾಗ ಯಾದಗಿರಿಯ ಸರ್ವರೇ ಬರುತ್ತದೆ. ಪಬ್ಲಿಕ್ ಐಪಿ ಇಲ್ಲದಿದ್ದರೆ ಇವೆರಡೂ ನಡೆಯುವುದಿಲ್ಲ, ಇಂಟರ್ನೆಟ್ ಕೊಟ್ಟವರನ್ನು ಮೊದಲು ಅದನ್ನೇ ಕೇಳಿ.