ಹಳೆಯ ಸ್ಕೀ-ಡೂ ಓಡುವ ಬಗೆ

ಪ್ರಶ್ನೆ: ಕೆನಡಾದಲ್ಲಿರುವ ನಮ್ಮ ಅಣ್ಣ 1960ರ ದಶಕದ ಸ್ಕೀ-ಡೂ ಹಿಮವಾಹನವೊಂದನ್ನು ಕೊಂಡಿದ್ದಾರೆ. ಗೇರು ಬದಲಿಸದೆ ಅದು ಓಡುವುದು ಹೇಗೆ? ಅದನ್ನು ಕಾಪಾಡಿಕೊಳ್ಳುವುದು ಹೇಗೆ?

ಉತ್ತರ: ಕ್ವಿಬೆಕ್ ಪ್ರಾಂತ್ಯದ ವಾಲ್ಕೂರಿನ ಜೋಸೆಫ್-ಆರ್ಮಾಂ ಬೊಂಬಾರ್ಡಿಯೆ 1959ರಲ್ಲಿ ಮಾರುಕಟ್ಟೆಗೆ ತಂದ ಈ ವಾಹನದಲ್ಲಿ ಮುಂದಿನ ಎರಡು ಸ್ಕೀಗಳು (ಹಿಮದ ಮೇಲೆ ಜಾರುವ ಹಲಗೆಗಳು) ದಿಕ್ಕು ತಿರುಗಿಸುತ್ತವೆ, ಕೆಳಗಿನ ರಬ್ಬರ್ ಪಟ್ಟಿ ಮುಂದಕ್ಕೆ ನೂಕುತ್ತದೆ. ಎಂಜಿನ್ನಿನ ಬಲವನ್ನು ಈ ಪಟ್ಟಿಗೆ ಮುಟ್ಟಿಸುವುದು ಎರಡು ರಾಟೆಗಳ ಸುತ್ತ ಓಡುವ ಬೆಲ್ಟು; ಒಂದು ರಾಟೆ ಎಂಜಿನ್ನಿನ ಕಡೆ, ಇನ್ನೊಂದು ಪಟ್ಟಿಯ ಕಡೆ. ಎಂಜಿನ್ನಿನ ವೇಗ ಏರಿದಂತೆ ಅದರ ರಾಟೆಯಲ್ಲಿರುವ ತೂಕಗಳು ಹೊರಚಾಚಿ ಆ ರಾಟೆಯ ಎರಡು ಬಿಲ್ಲೆಗಳನ್ನು ಹತ್ತಿರಕ್ಕೆ ಒತ್ತುವುದರಿಂದ ನಡುವಿನ ಬೆಲ್ಟು ಅಂಚಿನತ್ತ ಏರುತ್ತದೆ. ಅದೇ ವೇಳೆಗೆ ಎರಡನೆಯ ರಾಟೆಯ ಬಿಲ್ಲೆಗಳು ಅಗಲಿ, ಬೆಲ್ಟು ಅಲ್ಲಿ ಒಳಸರಿಯುತ್ತದೆ. ಹೀಗೆ ಗೇರಿನ ಅನುಪಾತ ತಾನಾಗಿಯೇ ಬದಲಾಗುತ್ತದೆ. ಸರಳವಾದರೂ ಜಾಣ ಏರ್ಪಾಡು.

ಎರಡು ಸ್ಟ್ರೋಕಿನ ಎಂಜಿನ್ನಾಗಿದ್ದರೆ ಪೆಟ್ರೋಲಿನಲ್ಲಿ ಬೆರೆಸುವ ಎಣ್ಣೆಯೇ ಅದರ ಕೀಲೆಣ್ಣೆಯಾದ್ದರಿಂದ ಕೈಪಿಡಿ ಹೇಳುವ ಪ್ರಮಾಣವನ್ನು ತಪ್ಪಬಾರದು. ಬರಿಯ ಪೆಟ್ರೋಲು ಹಾಕಿ ಓಡಿಸಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಬಿರುಕುಬಿಟ್ಟ ಬೆಲ್ಟನ್ನು ಬದಲಿಸಬೇಕು, ರಾಟೆಯ ಬಿಲ್ಲೆಗಳಿಗೆ ಗ್ರೀಸ್ ತಾಗದಂತೆ ಎಚ್ಚರ ವಹಿಸಬೇಕು. ಪಟ್ಟಿ ಒಂದು ಬದಿಗೆ ಸರಿದು ಓಡುತ್ತಿದ್ದರೆ ಅಂಚು ಸವೆಯುತ್ತದೆ. ಬಿಗಿತವನ್ನು ಎರಡೂ ಕಡೆ ಸಮಗೊಳಿಸಬೇಕು. ಹೊಸ ಬಣ್ಣ ಬಳಿಯುವ ಉತ್ಸಾಹಕ್ಕಿಂತ ಇವು ಮುಖ್ಯ. ಬೇಸಿಗೆಯಲ್ಲಿ ಕಾರ್ಬ್ಯುರೇಟರನ್ನು ಬರಿದುಮಾಡಿ, ಪಟ್ಟಿ ನೆಲಕ್ಕೆ ತಾಗದಂತೆ ವಾಹನವನ್ನು ಎತ್ತಿ ನಿಲ್ಲಿಸುವುದು ಒಳ್ಳೆಯದು.